ಆರೈಕೆಯ ಸಂಗಡಿಗರು



ನಮ್ಮ ಸೀಮೆಯ ಅನೇಕ ಮನೆಗಳಿಂದ ಹೆಣ್ಣುಮಕ್ಕಳು ದಾದಿಯರ ಕೆಲಸವನ್ನು ಕಲಿಯಲಿಕ್ಕೆ ಹೋಗುತ್ತಾರೆ. ಬೇರೆ ಕೆಲವರು ತಮ್ಮ ಊರಲ್ಲಿಯೇ ಇದ್ದು ಆಶಾ ಕಾರ್ಯಕರ್ತೆಯರಾಗಿ ಮನೆಮನೆಗೆ ತಿರುಗುತ್ತಾರೆ. ಇಂಥವರ ಮಾತು ಬಂದಾಗ ನಾವು ಕೇಳುವ ಪ್ರಶ್ನೆಗಳೇನಂದರೆ: ಆಕೆಯ ಕೈಗುಣ ಹೇಗಿದೆ? ಸೂಜಿಯನ್ನು ನೋವಾಗದಂತೆ ಹಾಕುತ್ತಾಳೋ? ರೋಗಿಗಳ ಸಂಗಡ ಮೃದುವಾಗಿ ಮಾತಾಡುತ್ತಾಳೋ? ಇವು ಒಳ್ಳೇ ಪ್ರಶ್ನೆಗಳೇ ಸರಿ. ಆದರೆ ಇನ್ನೊಂದು ಪ್ರಶ್ನೆ ಉಂಟು. ಅದನ್ನು ಕೇಳುವವರು ಅಪರೂಪ. ಆಕೆಯು ತನ್ನ ಪಾಲಿನ ಕೆಲಸವನ್ನು ಮುಗಿಸಿದ ಮೇಲೆ ರೋಗಿಯನ್ನು ಮುಂದಿನವರ ಕೈಗೆ ಹೇಗೆ ಒಪ್ಪಿಸುತ್ತಾಳೆ? ಈ ಪಾಠದಲ್ಲಿ ಆ ಒಂದು ಪ್ರಶ್ನೆಯನ್ನೇ ವಿಚಾರಿಸುವೆವು. ಯಾಕಂದರೆ ಅನೇಕ ಸಾರಿ ರೋಗಿಯ ಜೀವವು ಅದರ ಮೇಲೆಯೇ ನಿಂತಿರುತ್ತದೆ.

1. ಸಂಗಡಿಗರು ಯಾರು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದವು. ತರುವಾಯ ಇವುಗಳೊಳಗಿಂದಲೇ ಕುಕನೂರು, ಕನಕಗಿರಿ, ಕಾರಟಗಿ ಎಂಬ ಹೊಸ ತಾಲೂಕುಗಳೂ ಆದವು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ ಸುಮಾರು 13 ಲಕ್ಷ 90 ಸಾವಿರ. ಇಷ್ಟು ಜನರ ಆರೈಕೆಯು ಕೆಲವೇ ಮಂದಿಯಿಂದ ಆಗತಕ್ಕದ್ದಲ್ಲ. ಆದಕಾರಣ ಮೆಟ್ಟಿಲು ಮೆಟ್ಟಿಲಾದ ಒಂದು ಏರ್ಪಾಟು ಉಂಟು. ಬಯಲುಸೀಮೆಯಲ್ಲಿ ಸುಮಾರು 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ, 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬದು ದೇಶದ ನಿಯಮ. ಇವುಗಳ ಮೇಲೆ ತಾಲೂಕಿನ ಆಸ್ಪತ್ರೆ. ಅದರ ಮೇಲೆ ಕೊಪ್ಪಳದ ಜಿಲ್ಲಾ ಆಸ್ಪತ್ರೆ. 2015ರಿಂದ ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜೂ ನಡೆಯುತ್ತದೆ.

ಈ ಮೆಟ್ಟಿಲುಗಳಲ್ಲಿ ನಿಂತಿರುವವರು ಯಾರಾರು? ವೈದ್ಯರು ಮತ್ತು ದಾದಿಯರು ಎಂದು ಎಲ್ಲರೂ ಹೇಳುವರು. ಆದರೆ ಅವರ ಸಂಗಡ ಔಷಧ ಕೊಡುವವನಿದ್ದಾನೆ, ರಕ್ತ ಪರೀಕ್ಷಿಸುವವನಿದ್ದಾನೆ. 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿರುವ 108ರ ಗಾಡಿಯ ಚಾಲಕನೂ ಅದರಲ್ಲಿ ಕೂತು ಬರುವ ಶುಶ್ರೂಷಕನೂ ಇದ್ದಾರೆ. ಹೆರಿಗೆಯ ಕೋಣೆಯನ್ನು ತೊಳೆಯುವವಳಿದ್ದಾಳೆ. ಆಕೆಯು ಒಂದು ದಿನ ಅಲಕ್ಷ್ಯ ಮಾಡಿದರೆ ವೈದ್ಯರ ವಿದ್ಯೆಯೆಲ್ಲಾ ನಂಜಿನ ಮುಂದೆ ಸೋಲಬಹುದು. ಹಳ್ಳಿಯಲ್ಲಿ ಅಂಗನವಾಡಿಯ ಕಾರ್ಯಕರ್ತೆಯೂ ಉಪಕೇಂದ್ರದ ಅಕ್ಕಾವರೂ ಇದ್ದಾರೆ. ಇವರೆಲ್ಲರೂ ಸೇರಿ ಒಂದೇ ಕೂಟ. ಈ ಕೂಟದಲ್ಲಿ ಪದವಿಯು ಒಬ್ಬರದು ಮೇಲು, ಒಬ್ಬರದು ಕೆಳಗು. ಆದರೆ ಆರೈಕೆಯ ದಾರಿಯಲ್ಲಿ ಯಾರೊಬ್ಬರ ಪಾಲನ್ನಾದರೂ ತೆಗೆದುಹಾಕಿದರೆ ದಾರಿಯು ಅಲ್ಲಿಯೇ ಕಡಿದು ಹೋಗುವದು.

2. ಕೆಲಸವು ಎಲ್ಲಿ ಕೆಡುತ್ತದೆ?

ಇದನ್ನು ತಿಳಿಯುವದಕ್ಕೆ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಸೊಸೆಯು ಚೊಚ್ಚಲ ಬಸುರಿ ಎಂದಿಟ್ಟುಕೊಳ್ಳಿರಿ. ಗಂಡನ ಊರಿನ ಆಶಾ ಕಾರ್ಯಕರ್ತೆಯು ಆಕೆಯ ಹೆಸರನ್ನು ಬರೆದುಕೊಂಡು ತಾಯಿ ಕಾರ್ಡನ್ನು ಮಾಡಿಸಿಕೊಟ್ಟಿದ್ದಾಳೆ. ನಮ್ಮ ಪದ್ಧತಿಯಂತೆ ಏಳನೆಯ ತಿಂಗಳಲ್ಲಿ ತವರಿನವರು ಬಂದು ಮಗಳನ್ನು ಕುಷ್ಟಗಿ ತಾಲೂಕಿನ ತಮ್ಮ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ದಿನ ತುಂಬುವ ಮುಂಚೆಯೇ ಆಕೆಗೆ ನೋವು ಎದ್ದಿತು. 108ರ ಗಾಡಿಯು ಆಕೆಯನ್ನು ಕುಷ್ಟಗಿಯ ಆಸ್ಪತ್ರೆಗೆ ಒಯ್ದಿತು. ಹುಟ್ಟಿದ ಕೂಸಿನ ತೂಕ 1,600 ಗ್ರಾಂ. 2,500 ಗ್ರಾಮಿಗಿಂತ ಕಡಿಮೆ ಇರುವ ಕೂಸನ್ನು ಕಡಿಮೆ ತೂಕದ್ದೆಂದು ಎಣಿಸುತ್ತಾರೆ; 1,800 ಗ್ರಾಮಿಗಿಂತ ಕಡಿಮೆ ಇದ್ದರೆ ನವಜಾತ ಶಿಶುಗಳ ವಿಶೇಷ ಘಟಕದಲ್ಲಿ ಇಡಬೇಕು. ಆದಕಾರಣ ಕೂಸನ್ನು ಕೊಪ್ಪಳಕ್ಕೆ ಕಳುಹಿಸಿದರು. ಅಲ್ಲಿ ಕೆಲವು ವಾರ ಇದ್ದು ತಾಯಿಮಕ್ಕಳು ತವರಿಗೆ ಬಂದರು. ಐದು ತಿಂಗಳ ಮೇಲೆ ಆಕೆಯು ತೊಟ್ಟಿಲನ್ನು ತಕ್ಕೊಂಡು ಗಂಡನ ಮನೆಗೆ ಹೋಗತಕ್ಕವಳು.

ಈ ಒಂದು ಕೂಸು ಎಷ್ಟು ಕೈಗಳನ್ನು ದಾಟಿತೆಂದು ಎಣಿಸಿ ನೋಡಿರಿ. ಇಬ್ಬರು ಆಶಾ ಕಾರ್ಯಕರ್ತೆಯರು, ಎರಡು ಸಾರಿ ಗಾಡಿಯವರು, ಕುಷ್ಟಗಿಯ ದಾದಿ ಮತ್ತು ವೈದ್ಯರು, ಕೊಪ್ಪಳದಲ್ಲಿ ಹಗಲಿಗೊಬ್ಬಳು ಸಂಜೆಗೊಬ್ಬಳು ರಾತ್ರಿಗೊಬ್ಬಳು ಎಂದು ಬದಲಾಗುವ ದಾದಿಯರು, ಕಡೆಗೆ ಮನೆಯ ಅಜ್ಜಿ. ಇವರಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡಿರಬಹುದು. ಆದಾಗ್ಯೂ ಕೂಸು ಕೆಡಬಹುದು. ಅದು ಹೇಗೆ?

ಹೆರಿಗೆಯು ಆಸ್ಪತ್ರೆಯಲ್ಲಿ ಆದರೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಕಾರ್ಯಕರ್ತೆಯು ಮನೆಗೆ ಬಂದು ಕೂಸನ್ನು ನೋಡಬೇಕೆಂಬ ಕಟ್ಟಳೆ ಇದೆ. ಆಕೆಯು ತೂಗಿ, ಮೈಯ ಬಿಸಿಯನ್ನು ಅಳೆದು, ಹಾಲು ಕುಡಿಯುವದನ್ನು ನೋಡುತ್ತಾಳೆ. ಆದರೆ ನಮ್ಮ ದೃಷ್ಟಾಂತದಲ್ಲಿ ಗಂಡನ ಊರಿನವಳು, "ಆಕೆ ತವರಿಗೆ ಹೋಗಿದ್ದಾಳೆ, ಅಲ್ಲಿಯವರು ನೋಡುತ್ತಾರೆ" ಎಂದುಕೊಳ್ಳುತ್ತಾಳೆ. ತವರಿನ ಊರಿನವಳ ಪುಸ್ತಕದಲ್ಲಿ ಈ ಬಾಣಂತಿಯ ಹೆಸರೇ ಇಲ್ಲ. ಆಸ್ಪತ್ರೆಯ ಕಾಗದದಲ್ಲಿ ಬರೆದಿರುವದು ಗಂಡನ ಮನೆಯ ವಿಳಾಸ. ಹೀಗೆ ಮೂವರೂ ತಮ್ಮ ಪಾಲಿಗೆ ನಿಷ್ಕಳಂಕರು. ಕೂಸನ್ನು ನೋಡಲಿಕ್ಕೆ ಮಾತ್ರ ಯಾರೂ ಇಲ್ಲ. ಕೆಲಸವು ಯಾರ ಕೈಯಲ್ಲಿಯೂ ಕೆಡಲಿಲ್ಲ. ಎರಡು ಕೈಗಳ ನಡುವಿನ ಸಂದಿನಲ್ಲಿ ಕೆಟ್ಟಿತು.

ನಮ್ಮ ಸೀಮೆಯಲ್ಲಿ ಇಂಥಾ ಸಂದುಗಳು ಬಹಳ. ಕುಷ್ಟಗಿ ಯಲಬುರ್ಗಾಗಳ ಒಣ ಬೇಸಾಯದ ಊರುಗಳಿಂದ ಮಳೆ ಹೋದ ವರುಷ ಸಂಸಾರಗಳು ಗುಳೆ ಹೋಗುತ್ತವೆ. ಕೂಸಿಗೆ ಹಾಕಬೇಕಾದ ಚುಚ್ಚುಮದ್ದಿನ ದಿನವು ದಾರಿಯಲ್ಲಿಯೇ ಕಳೆದು ಹೋಗುತ್ತದೆ. ಗಂಗಾವತಿ ಕಾರಟಗಿಗಳ ಕಾಲುವೆಯ ಕೆಳಗಿನ ಕ್ಯಾಂಪುಗಳಲ್ಲಿ ತೆಲುಗು ಮಾತಾಡುವವರಿದ್ದಾರೆ. ತಾಂಡಾಗಳಲ್ಲಿ ಲಂಬಾಣಿ ಮಾತು. ದಾದಿಯು ಹೇಳಿದ್ದು ತಾಯಿಗೆ ತಿಳಿಯದೆ, ತಲೆಯಾಡಿಸಿದ್ದನ್ನೇ ಒಪ್ಪಿಗೆಯೆಂದು ತಿಳಿದರೆ ಅದೂ ಒಂದು ಸಂದೇ.

3. ಕೊಪ್ಪಳದಲ್ಲಿ ಕಂಡ ಪಾಠ

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಸಾಕ್ಷಿ ಉಂಟು. ಕಡಿಮೆ ತೂಕದ ಕೂಸನ್ನು ಬರೀ ಮೈಯಲ್ಲಿ ತಾಯಿಯ ಎದೆಗೆ ಹಚ್ಚಿ ಬಟ್ಟೆಯಿಂದ ಕಟ್ಟಿಕೊಂಡು, ತಾಯಿಯ ಹಾಲನ್ನು ಮಾತ್ರ ಕೊಟ್ಟು ಬೆಳಿಸುವ ಕ್ರಮಕ್ಕೆ ಕಾಂಗರೂ ಆರೈಕೆ ಎಂದು ಹೆಸರು. ಕಾಂಗರೂ ಎಂಬದು ಮರಿಯನ್ನು ಹೊಟ್ಟೆಯ ಚೀಲದಲ್ಲಿ ಹೊತ್ತುಕೊಳ್ಳುವ ಆಸ್ಟ್ರೇಲಿಯದ ಮೃಗ. 1978ರಲ್ಲಿ ದಕ್ಷಿಣ ಅಮೇರಿಕದ ಕೊಲಂಬಿಯ ದೇಶದ ಬೊಗೋಟಾ ಪಟ್ಟಣದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಇದನ್ನು ಆರಂಭಿಸಿದರು. ಅಲ್ಲಿಯ ಆಸ್ಪತ್ರೆಯಲ್ಲಿ ಕೂಸುಗಳು ಬಹಳ, ಬೆಚ್ಚಗಿಡುವ ಪೆಟ್ಟಿಗೆಗಳು ಕಡಿಮೆ ಇದ್ದವು. ತಾಯಿಯ ಮೈಯ ಬಿಸಿಯೇ ಪೆಟ್ಟಿಗೆಯ ಕೆಲಸವನ್ನು ಮಾಡಿತು.

2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯು ಇದರ ಬಲವನ್ನು ತೋರಿಸಿತು. ಅದು ನಮ್ಮ ದೇಶವೂ ಸೇರಿ ಐದು ದೇಶಗಳಲ್ಲಿ ನಡೆಯಿತು. 1 ಕಿಲೋದಿಂದ 1.8 ಕಿಲೋದ ಒಳಗಿನ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಚ್ಚಿದಾಗ 28 ದಿನಗಳೊಳಗೆ 100ಕ್ಕೆ 12 ಸತ್ತವು. ಕೂಸಿನ ಸ್ಥಿತಿಯು ಸ್ಥಿರವಾಗುವ ತನಕ ಕಾದು ಆ ಮೇಲೆ ಹಚ್ಚಿದಾಗ 100ಕ್ಕೆ ಸುಮಾರು 16 ಸತ್ತವು. ಇಲ್ಲಿ ಗಮನಿಸತಕ್ಕದ್ದೇನಂದರೆ, ಇದನ್ನು ಮಾಡುವದಕ್ಕೆ ತಾಯಿಯನ್ನೂ ಕೂಸನ್ನೂ ಒಂದೇ ಕೋಣೆಯಲ್ಲಿ ಇಡಬೇಕಾಯಿತು. ಆವರೆಗೆ ಬಾಣಂತಿಯರನ್ನು ನೋಡುವ ದಾದಿಯರು ಒಂದು ಕಡೆ, ಕೂಸುಗಳನ್ನು ನೋಡುವ ದಾದಿಯರು ಇನ್ನೊಂದು ಕಡೆ. ಈಗ ಇಬ್ಬರೂ ಒಂದೇ ಮಂಚದ ಎರಡು ಬದಿಗೆ ನಿಂತರು. ಹೊಸ ಔಷಧವೂ ಬರಲಿಲ್ಲ, ಹೊಸ ಯಂತ್ರವೂ ಬರಲಿಲ್ಲ; ಆರೈಕೆಯವರ ನಡುವಿನ ಗೋಡೆಯು ಹೋಯಿತು.

ಜಾಗತಿಕ ಆರೋಗ್ಯ ಸಂಸ್ಥೆಯವರು ಇದೇ ಆರೈಕೆಯನ್ನು ಇಡೀ ಜಿಲ್ಲೆಗಳಲ್ಲಿ ನಡಿಸಿ ನೋಡಬೇಕೆಂದು ಇಥಿಯೋಪಿಯ ದೇಶದಲ್ಲಿಯೂ ನಮ್ಮ ದೇಶದಲ್ಲಿಯೂ ಕೆಲವು ಸ್ಥಳಗಳನ್ನು ಆರಿಸಿಕೊಂಡರು. ಕರ್ನಾಟಕದಿಂದ ಆರಿಸಿದ್ದು ಕೊಪ್ಪಳ ಜಿಲ್ಲೆಯನ್ನು. ಬೆಂಗಳೂರಿನ ಸಂತ ಯೋಹಾನರ ಸಂಶೋಧನಾ ಸಂಸ್ಥೆಯವರೂ ಕರ್ನಾಟಕ ಹೆಲ್ತ್ ಪ್ರಮೋಶನ್ ಟ್ರಸ್ಟ್ ಎಂಬವರೂ ಸರಕಾರದ ದಾದಿಯರು, ವೈದ್ಯರು, ಆಶಾ ಕಾರ್ಯಕರ್ತೆಯರ ಸಂಗಡ ಇದನ್ನು ನಡಿಸಿದರು. ಇದರ ಫಲಗಳೂ 2021ರಲ್ಲಿ ಪ್ರಕಟವಾದವು. 2,000 ಗ್ರಾಮಿಗಿಂತ ಕಡಿಮೆ ಇದ್ದ ಕೂಸುಗಳಲ್ಲಿ ಬಹುಭಾಗಕ್ಕೆ ಆಸ್ಪತ್ರೆಯಲ್ಲಿ ಈ ಆರೈಕೆಯು ಆರಂಭವಾಯಿತು. ಇದು ಸಂತೋಷದ ಸಂಗತಿ. ಆದರೆ ಮನೆಗೆ ಹೋದ ಏಳು ದಿನಗಳ ಮೇಲೆ ನೋಡಿದಾಗ, ದಿನಕ್ಕೆ ಎಂಟು ತಾಸಾದರೂ ಎದೆಗೆ ಹಚ್ಚಿಕೊಂಡು ತಾಯಿಯ ಹಾಲನ್ನೇ ಕೊಡುವ ಕ್ರಮವು ನಮ್ಮ ಜಿಲ್ಲೆಯಲ್ಲಿ ಅರ್ಧಕ್ಕಿಂತ ಕಡಿಮೆ ಕೂಸುಗಳಿಗೆ ನಡೆಯುತ್ತಿತ್ತು.

ಇದರಿಂದ ನಾವು ತಾಯಂದಿರನ್ನು ದೂಷಿಸಬೇಕೋ? ಹಾಗಲ್ಲ. ಆಸ್ಪತ್ರೆಯಲ್ಲಿ ಆಕೆಗೆ ಬೇರೆ ಕೆಲಸವಿಲ್ಲ, ಪಕ್ಕದಲ್ಲಿ ಎಚ್ಚರಿಸುವ ದಾದಿಯಿದ್ದಾಳೆ. ಮನೆಯಲ್ಲಿ ರೊಟ್ಟಿ, ನೀರು, ಬಟ್ಟೆ, ಬಂದುಹೋಗುವವರು. ಎಂಟು ತಾಸಿನ ಕೆಲಸವನ್ನು ಒಬ್ಬಳ ಮೇಲೆಯೇ ಬಿಟ್ಟರೆ ಆಕೆಯು ಏನು ಮಾಡಾಳು? ಆದಕಾರಣ ಆಸ್ಪತ್ರೆಯ ಬಾಗಲಿನಿಂದ ಮನೆಯ ಬಾಗಲಿನ ವರೆಗಿನ ಸಂದನ್ನು ಮುಚ್ಚುವದೇ ನಮ್ಮ ಕೆಲಸ.

4. ಒಪ್ಪಿಸಿ ಕೊಡುವ ಕ್ರಮ

ಹಾಗಾದರೆ ಒಳ್ಳೇ ಸಂಗಡಿಗಳು ರೋಗಿಯನ್ನು ಹೇಗೆ ಒಪ್ಪಿಸಬೇಕು? ಈಗಿನ ಆಸ್ಪತ್ರೆಗಳಲ್ಲಿ ನಾಲ್ಕು ಮಾತುಗಳ ಒಂದು ಪದ್ಧತಿಯನ್ನು ಕಲಿಸುತ್ತಾರೆ. ಅದು ಅಮೇರಿಕದ ನೌಕಾದಳದವರ ಪದ್ಧತಿಯಿಂದ ಬಂದದ್ದು. ಮೊದಲನೆಯದು: ಈಗ ಏನಾಗಿದೆ? ಎರಡನೆಯದು: ಇದಕ್ಕೆ ಮುಂಚೆ ಏನೇನಾಯಿತು? ಮೂರನೆಯದು: ನನಗೆ ಏನೆಂದು ತೋರುತ್ತದೆ? ನಾಲ್ಕನೆಯದು: ಈಗ ಏನು ಆಗಬೇಕು?

ರಾತ್ರಿಯಲ್ಲಿ ದಾದಿಯೊಬ್ಬಳು ವೈದ್ಯರಿಗೆ ಫೋನು ಮಾಡಿ, "ಸರ್, ಕೂಸು ಯಾಕೋ ಸರಿಯಾಗಿಲ್ಲ" ಎಂದರೆ ಅವರು, "ಸರಿ, ಬೆಳಿಗ್ಗೆ ನೋಡೋಣ" ಎನ್ನಬಹುದು. ಅದೇ ದಾದಿಯು ಹೀಗೆ ಹೇಳಿದರೆ ಹೇಗಿರುವದು? "ಸರ್, ಆರನೆಯ ಮಂಚದ ಕೂಸಿನ ಮೈ ತಣ್ಣಗಾಗಿದೆ, ಅಳೆದರೆ 35.8 ಡಿಗ್ರಿ ಸೆಲ್ಸಿಯಸ್ ಇದೆ. ಇದು ನಾಲ್ಕು ದಿನದ ಕೂಸು, ಹುಟ್ಟಿದಾಗ 1,600 ಗ್ರಾಂ ಇತ್ತು, ಸಂಜೆಯಿಂದ ಎರಡು ಸಾರಿ ಹಾಲನ್ನು ಒಲ್ಲೆ ಎಂದಿದೆ. ನಂಜು ಆರಂಭವಾಗಿದೆಯೋ ಎಂದು ನನಗೆ ಅನುಮಾನ. ತಾಯಿಯ ಎದೆಗೆ ಹಚ್ಚಿ ಬೆಚ್ಚಗೆ ಮಾಡುತ್ತಿದ್ದೇನೆ. ತಾವು ಈಗಲೇ ಬಂದು ನೋಡಬೇಕು." ಈ ಮಾತಿಗೆ ಅರ್ಧ ನಿಮಿಷವೂ ಬೇಡ. ಇದನ್ನು ಕೇಳಿದವರು ಮಲಗಲಾರರು.

ಇದೇ ನಾಲ್ಕು ಮಾತುಗಳು ಹಳ್ಳಿಯ ಆಶಾ ಕಾರ್ಯಕರ್ತೆಗೂ ಸಲ್ಲುತ್ತವೆ. "ಅಕ್ಕಾವರೇ, ಕೊಪ್ಪಳದಿಂದ ಬಂದ ಕೂಸು ಇವತ್ತು ಅಳುತ್ತಿಲ್ಲ. ಹುಟ್ಟಿ ಹದಿನಾಲ್ಕು ದಿನ, ಹೋದ ವಾರಕ್ಕಿಂತ ತೂಕ ಇಳಿದಿದೆ. ನನಗೆ ಭಯವಾಗುತ್ತದೆ. 108ಕ್ಕೆ ಕರೆದಿದ್ದೇನೆ, ನೀವು ಮುಂದೆ ತಿಳಿಸಿರಿ" ಎಂದು ಆಕೆಯು ಉಪಕೇಂದ್ರಕ್ಕೆ ಹೇಳಿದರೆ ಅದು ಪೂರ್ಣವಾದ ವರದಿ.

ಇನ್ನು ಎರಡು ನಿಯಮಗಳನ್ನು ಇದಕ್ಕೆ ಕೂಡಿಸಬೇಕು. ಫೋನಿನಲ್ಲಿ ಔಷಧದ ಹೆಸರನ್ನೂ ಪ್ರಮಾಣವನ್ನೂ ಕೇಳಿದವಳು ಅದನ್ನು ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ, "ಹೌದು" ಎಂಬ ಉತ್ತರವನ್ನು ಪಡೆಯಬೇಕು. ಐದು ಎಂದದ್ದು ಐವತ್ತಾಗಿ ಕೇಳಿಸಿದರೆ ಈ ಒಂದು ಓದುವಿಕೆಯೇ ಕೂಸನ್ನು ಉಳಿಸುವದು. ಎರಡನೆಯದು, ಪಾಳಿ ಬದಲಾಗುವಾಗ ಮೇಜಿನ ಬಳಿಯಲ್ಲಿ ಅವಸರವಾಗಿ ಹೇಳಿ ಹೊರಡದೆ, ಇಬ್ಬರೂ ಮಂಚದ ಬಳಿಗೆ ಹೋಗಿ ರೋಗಿಯನ್ನು ಮುಟ್ಟಿ ನೋಡಿ ಒಪ್ಪಿಸಬೇಕು. ಆಗ ರೋಗಿಯೂ, "ಯವ್ವಾ, ಅದಲ್ಲ, ಇದು" ಎಂದು ತಿದ್ದುವದಕ್ಕೆ ಎಡೆಯಾಗುವದು.

5. ಹೇಳುವ ಧೈರ್ಯ, ಕೇಳುವ ತಾಳ್ಮೆ

ಸಂದು ಹುಟ್ಟುವದಕ್ಕೆ ದೂರವೊಂದೇ ಕಾರಣವಲ್ಲ. ಒಂದೇ ಕೋಣೆಯಲ್ಲಿ ನಿಂತವರ ನಡುವೆಯೂ ಅದು ಇರಬಹುದು. ಚಿಕ್ಕವಳು ತಪ್ಪನ್ನು ಕಾಣುತ್ತಾಳೆ. ದೊಡ್ಡವರ ಮುಂದೆ ಹೇಗೆ ಹೇಳಲಿ ಎಂದು ಬಾಯಿ ಮುಚ್ಚಿಕೊಳ್ಳುತ್ತಾಳೆ. ದೊಡ್ಡವರು ಹಿಂದೊಮ್ಮೆ, "ನಿನ್ನನ್ನು ಯಾರು ಕೇಳಿದರು?" ಎಂದು ಗದರಿದ್ದನ್ನು ಆಕೆಯು ಮರೆತಿರುವದಿಲ್ಲ.

ಜಾಗತಿಕ ಆರೋಗ್ಯ ಸಂಸ್ಥೆಯವರು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಒಂದು ಪಟ್ಟಿಯನ್ನು ಹೊರಡಿಸಿದರು. ಕತ್ತಿಯು ಮೈಗೆ ತಗಲುವ ಮೊದಲು ಮಾಡಬೇಕಾದವುಗಳಲ್ಲಿ ಒಂದೇನಂದರೆ, ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಬಾಯಿಬಿಟ್ಟು ಹೇಳಬೇಕು. ಇದು ಮಕ್ಕಳ ಆಟದಂತೆ ಕಾಣಬಹುದು. ಆದರೆ ಒಂದು ಸಾರಿ ಬಾಯಿಬಿಟ್ಟವಳಿಗೆ ಎರಡನೆಯ ಸಾರಿ ಮಾತಾಡುವದು ಸುಲಭ. ದಿಲ್ಲಿಯ ಒಂದು ಆಸ್ಪತ್ರೆಯೂ ಸೇರಿ ಲೋಕದ ಎಂಟು ಪಟ್ಟಣಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಪರೀಕ್ಷಿಸಿದಾಗ, ಶಸ್ತ್ರಚಿಕಿತ್ಸೆಯ ಮೇಲೆ ಸಾಯುವವರ ಸಂಖ್ಯೆಯು 1,000ಕ್ಕೆ 15 ಇದ್ದದ್ದು 8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟಿಸಿದರು.

ಆದಕಾರಣ ಚಿಕ್ಕವಳು ಕಲಿಯಬೇಕಾದದ್ದು ಇದು. ಮೊದಲು ಪ್ರಶ್ನೆಯಾಗಿ ಕೇಳಬೇಕು: "ಸಿಸ್ಟರ್, ಈ ಕೂಸಿನ ಹೆಸರು ಚೀಟಿಯಲ್ಲಿರುವದೇ ಹೌದೋ?" ಲಕ್ಷ್ಯಕ್ಕೆ ಬಾರದಿದ್ದರೆ ಸ್ಪಷ್ಟವಾಗಿ ಹೇಳಬೇಕು: "ನನಗೆ ಭಯವಾಗುತ್ತದೆ, ಒಂದು ಸಾರಿ ನೋಡಿ ಆಮೇಲೆ ಕೊಡೋಣ." ಆಗಲೂ ಕೇಳದಿದ್ದರೆ ಮೇಲಿನವರಿಗೆ ತಿಳಿಸಬೇಕು. ರೋಗಿಯ ಮುಂದೆ ಜಗಳವೂ ಬೇಡ, ಹಿಂದಿನಿಂದ ಚಾಡಿಯೂ ಬೇಡ. ದೊಡ್ಡವರು ಕಲಿಯಬೇಕಾದದ್ದು ಇನ್ನೂ ಕಠಿನ. ಚಿಕ್ಕವಳ ಎಚ್ಚರಿಕೆಯು ಸುಳ್ಳಾಗಿ ಕಂಡರೂ, "ಹೇಳಿದ್ದು ಒಳ್ಳೇದಾಯಿತು" ಎನ್ನಬೇಕು. ಹತ್ತು ಸಾರಿ ಸುಳ್ಳಾದರೂ ಹನ್ನೊಂದನೆಯ ಸಾರಿ ನಿಜವಾಗಬಹುದು. ಗದರಿಸಿದವರಿಗೆ ಆ ಹನ್ನೊಂದನೆಯ ಮಾತು ಕೇಳಿಸುವದಿಲ್ಲ. ಹಳ್ಳಿಯಿಂದ ಬಾಣಂತಿಯ ಸಂಗಡ ಬಂದ ಆಶಾ ಕಾರ್ಯಕರ್ತೆಯನ್ನು ಹೊರಗಿನ ಕಟ್ಟೆಯ ಮೇಲೆ ಕೂಡ್ರಿಸುವ ಬದಲು ಒಳಗೆ ಕರೆದು, ಆಕೆಗೆ ತಿಳಿದದ್ದನ್ನು ಕೇಳಿ, ಮುಂದೆ ಮಾಡತಕ್ಕದ್ದನ್ನು ಹೇಳಿ ಕಳುಹಿಸುವ ದಾದಿಯು ಅರ್ಧ ಸಂದನ್ನು ಮುಚ್ಚಿದ ಹಾಗೆಯೇ.

6. ಮನೆಯವರೂ ಸಂಗಡಿಗರೇ

ವಾಚಕರೇ, ಈ ಪಾಠವು ದಾದಿಯರಿಗೆ ಮಾತ್ರ ಎಂದು ತಿಳಿಯಬೇಡಿರಿ. ಕಡೆಯ ಕೈ ನಿಮ್ಮದೇ. ಜಾಗತಿಕ ಆರೋಗ್ಯ ಸಂಸ್ಥೆಯವರು 2022ರಲ್ಲಿ ಹೇಳಿರುವ ಪ್ರಕಾರ ಕಡಿಮೆ ತೂಕದ ಕೂಸನ್ನು ದಿನಕ್ಕೆ 8ರಿಂದ 24 ತಾಸುಗಳ ತನಕ ಎದೆಗೆ ಹಚ್ಚಿಕೊಳ್ಳಬೇಕು. ತಾಯಿಯು ಉಣ್ಣುವಾಗ, ಸ್ನಾನ ಮಾಡುವಾಗ ಅಜ್ಜಿಯಾಗಲಿ ತಂದೆಯಾಗಲಿ ಕೂಸನ್ನು ತಮ್ಮ ಎದೆಗೆ ಕಟ್ಟಿಕೊಳ್ಳಬಹುದು. ಗಂಡಸರು ಇದರಲ್ಲಿ ನಾಚತಕ್ಕದ್ದೇನೂ ಇಲ್ಲ. ತಲೆಗೆ ಕುಲಾಯಿ, ಕಾಲಿಗೆ ಚೀಲ ಇರಲಿ. ಅಗ್ಗಿಷ್ಟಿಕೆಯ ಮತ್ತು ಲೋಬಾನದ ಹೊಗೆಯು ಎಳೇ ಉಸಿರಿಗೆ ಕೆಟ್ಟದ್ದು. ಎದೆಯ ಬಿಸಿ ಇರುವಾಗ ಅದು ಬೇಕಾಗಿಯೂ ಇಲ್ಲ. ಎಣ್ಣೆನೀರಿನ ಸ್ನಾನವನ್ನು ವೈದ್ಯರು ಹೇಳುವ ತನಕ ತಡೆಯಿರಿ.

ಕೂಸು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಇಲ್ಲವೆ ಕಾದರೆ, ಉಸಿರಾಡುವಾಗ ಎದೆಯು ಒಳಗೆ ಸೇದಿದರೆ, ಎಬ್ಬಿಸಿದರೂ ಏಳದಿದ್ದರೆ, ಸೆಳವು ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ನೆರೆಯವರ ಅಭಿಪ್ರಾಯವನ್ನು ಕೇಳುತ್ತಾ ಕೂಡ್ರದೆ ಆಶಾ ಕಾರ್ಯಕರ್ತೆಗೂ 108ಕ್ಕೂ ಕೂಡಲೇ ತಿಳಿಸಿರಿ.

ಮಗಳನ್ನು ತವರಿಗೆ ಕರೆದ ದಿನವೇ ತಾಯಿ ಕಾರ್ಡನ್ನು ತಕ್ಕೊಂಡು ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರನ್ನು ಬರೆಯಿಸಿರಿ. ಆಸ್ಪತ್ರೆಯಲ್ಲಿ ವಿಳಾಸವನ್ನು ಕೇಳಿದಾಗ, ಬಾಣಂತನವು ಎಲ್ಲಿ ನಡೆಯುವದೋ ಆ ಊರನ್ನೂ ಹೇಳಿರಿ. ಬಿಡುಗಡೆಯ ಕಾಗದವನ್ನು ಟ್ರಂಕಿನ ಅಡಿಯಲ್ಲಿ ಇಡದೆ ಆಕೆಗೆ ತೋರಿಸಿರಿ. ಗುಳೆ ಹೋಗುವದಾದರೆ ಚುಚ್ಚುಮದ್ದಿನ ಚೀಟಿಯು ಬುತ್ತಿಯ ಗಂಟಿನ ಸಂಗಡ ಬರಲಿ. ಈ ಕೆಲಸಗಳಿಗೆ ವಿದ್ಯೆಯೂ ಬೇಡ, ಹಣವೂ ಬೇಡ. ಆದರೆ ಇವನ್ನು ಮಾಡಿದ ಮನೆಯ ಕೂಸನ್ನು ಮೂರನೆಯ ದಿನ ಒಬ್ಬರು ಬಂದು ನೋಡುವರು. ಮಾಡದ ಮನೆಯ ಕೂಸನ್ನು ನೋಡುವವರು ಇಲ್ಲದೆ ಹೋಗಬಹುದು.

ದಾದಿಯಾಗಿರುವ ಮಗಳು ರಜೆಗೆ ಮನೆಗೆ ಬಂದಾಗ ಆಕೆಯ ಸಂಬಳವನ್ನು ಕೇಳಿದ ಮೇಲೆ ಇದನ್ನೂ ಕೇಳಿರಿ: "ತಂಗೀ, ಬರುವಾಗ ನಿನ್ನ ರೋಗಿಗಳನ್ನು ಯಾರಿಗೆ ಒಪ್ಪಿಸಿ ಬಂದೆ? ಏನೇನು ಹೇಳಿ ಬಂದೆ?" ಆಕೆಯು ತಡವಿಲ್ಲದೆ ಉತ್ತರ ಹೇಳಿದರೆ ಆಕೆಯ ಕೈಗುಣವನ್ನು ನೀವು ನಂಬಬಹುದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಯಾರು? ಆಕೆಯ ಫೋನಿನ ಸಂಖ್ಯೆಯು ನಿಮ್ಮ ಮನೆಯ ಗೋಡೆಯ ಮೇಲೆ ಬರೆದಿದೆಯೋ?

2. ಈ ವರುಷ ನಿಮ್ಮ ಊರಿಗೆ ಹೆರಿಗೆಗಾಗಿ ತವರಿಗೆ ಬಂದವರು ಎಷ್ಟು ಮಂದಿ? ಅವರೆಲ್ಲರ ಹೆಸರು ಇಲ್ಲಿಯ ಪುಸ್ತಕದಲ್ಲಿ ಉಂಟೋ?

3. ಒಪ್ಪಿಸಿ ಕೊಡುವ ನಾಲ್ಕು ಮಾತುಗಳು ಯಾವವು? ಮನೆಯಲ್ಲಿ ಒಬ್ಬರಿಗೆ ಜ್ವರ ಬಂದಿದೆಯೆಂದು ಭಾವಿಸಿ ಒಬ್ಬರು ಇನ್ನೊಬ್ಬರಿಗೆ ಆ ಕ್ರಮದಲ್ಲಿ ಹೇಳಿ ತೋರಿಸಿರಿ.

4. ಚಿಕ್ಕವರ ಎಚ್ಚರಿಕೆಯ ಮಾತನ್ನು ದೊಡ್ಡವರು ಕೇಳದೆ ಹೋದಾಗ ಆಗುವ ಕೇಡುಗಳೇನು? ಮನೆಯಲ್ಲಿಯೂ ಹಾಗಾಗುತ್ತದೋ?

5. ಕಡಿಮೆ ತೂಕದ ಕೂಸುಳ್ಳ ಮನೆಗೆ ನೆರೆಯವರು ಯಾವ ಸಹಾಯವನ್ನು ಮಾಡಿದರೆ ತಾಯಿಗೆ ಎಂಟು ತಾಸು ಬಿಡುವಾಗುವದು?